14 ತಿಂಗಳಲ್ಲಿ 4 ಸಲ ಕಳ್ಳತನ. ಊರಿನ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಏನು ಮಾಡಲಿ?

ಹಿನ್ನೀರಿನ ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ಸಾಗರ ತಾಲ್ಲೂಕು. ಊರು ಅಂದರೆ ಐದಾರು ಮನೆ, ಅದೂ ಒಂದೊಂದು ಒಂದೊಂದು ಗುಡ್ಡದ ಬುಡದಲ್ಲಿ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲ. ಅಪ್ಪನಿಗೆ 74, ಅಮ್ಮನಿಗೆ 68. ನಾನು ಒಬ್ಬಳೇ ಮಗಳು, ಬೆಂಗಳೂರಿನಲ್ಲಿ ಕೆಲಸ.

ಮೊದಲ ಸಲ ಹೋದ ವರ್ಷ ಜನವರಿಯಲ್ಲಿ. ಚೀಲ ತುಂಬಿ ಅಂಗಳದ ಮೂಲೆಯಲ್ಲಿಟ್ಟಿದ್ದ ಸಿಪ್ಪೆಗೋಟಿನಲ್ಲಿ (ಸಿಪ್ಪೆ ಸುಲಿಯದ ಒಣ ಅಡಿಕೆ) ಎರಡು ಚೀಲ ಕಡಿಮೆ ಇತ್ತು. ಅಪ್ಪ "ಲೆಕ್ಕ ತಪ್ಪಿರಬೇಕು" ಅಂದರು. ನನ್ನ ಹುಟ್ಟುಹಬ್ಬ ಮರೆತಾರು, ಅಡಿಕೆ ಚೀಲದ ಲೆಕ್ಕ ಮರೆಯುವವರಲ್ಲ ಅವರು. ಆದರೂ ಹಾಗೆ ಅಂದುಕೊಂಡರೆ ನೆಮ್ಮದಿ, ಅಂದುಕೊಂಡೆವು. ಮೇ ತಿಂಗಳಲ್ಲಿ ಹೊಳೆ ದಂಡೆಯ ಪಂಪ್‌ಸೆಟ್‌ನ ಕೇಬಲ್ ಹೋಯಿತು. ಮೋಟರ್ ಮುಟ್ಟಿರಲಿಲ್ಲ. ಅಲ್ಲೇ ಪಕ್ಕದಲ್ಲಿ ಕೇಬಲ್ ಸುಟ್ಟು ತಾಮ್ರ ಬಿಡಿಸಿಕೊಂಡು ಹೋಗಿದ್ದರು, ಕಪ್ಪು ಬೂದಿ ಇನ್ನೂ ಬೆಚ್ಚಗಿತ್ತು. ನವೆಂಬರಿನಲ್ಲಿ ಬಚ್ಚಲುಮನೆಯ ತಾಮ್ರದ ಹಂಡೆ. ಒಲೆಯ ಮಣ್ಣು ಅಗೆದು, ಹಂಡೆಯನ್ನು ಹಲ್ಲು ಕಿತ್ತಂತೆ ಕಿತ್ತು ತೆಗೆದಿದ್ದರು. ಅದು ಅಜ್ಜಿಯ ಕಾಲದ್ದು. ನನ್ನನ್ನು ಬಾಣಂತಿಕೋಣೆಯಲ್ಲಿ ಮೀಯಿಸಿದ್ದೂ ಅದರ ನೀರಿನಲ್ಲೇ.

ನಾಲ್ಕನೆಯದು ಕಳೆದ ತಿಂಗಳು. ಈ ಸಲ ಮನೆ ಒಳಗೆ. ಅಟ್ಟಕ್ಕೆ ಹಿಂದಿನ ಕೊಟ್ಟಿಗೆ ಕಡೆಯಿಂದ ಒಂದು ಬಾಗಿಲಿದೆ. ಅದರ ಚಿಲಕ ಮೀಟಿ ಮೂರು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ), ಒಂದು ಚೀಲ ಕಾಳುಮೆಣಸು ಇಳಿಸಿದ್ದಾರೆ. ಕೆಳಗಿನ ಕೋಣೆಯಲ್ಲಿ ಅಪ್ಪ ಅಮ್ಮ ಮಲಗಿದ್ದರು. ಅಮ್ಮನಿಗೆ ಎಚ್ಚರವಿತ್ತು. ತಲೆ ಮೇಲೆ ಹಲಗೆ ಕಿರುಗುಟ್ಟುವುದು, ಚೀಲ ಎಳೆಯುವುದು, ಯಾರೋ ಮೆಲ್ಲಗೆ ಕೆಮ್ಮಿದ್ದು, ಎಲ್ಲ ಕೇಳಿಸಿದೆ. ಅಪ್ಪ ಏಳಲು ಹೋದರಂತೆ. ಅಮ್ಮ ಅವರ ಮಣಿಕಟ್ಟು ಹಿಡಿದು ಬಿಡಲೇ ಇಲ್ಲ. ಸುಮಾರು ನಲವತ್ತು ನಿಮಿಷ. ಬೆಳಿಗ್ಗೆ ನೋಡಿದರೆ ಅಪ್ಪನ ಕೈಮೇಲೆ ಉಗುರಿನ ಗುರುತು.

ಇನ್ನೊಂದು ಹೇಳಬೇಕು. ಜಗಲಿಯಲ್ಲಿ ಯಾವಾಗಲೂ ಒಂದು ತಂಬಿಗೆ ನೀರು ಇಡುವ ಪದ್ಧತಿ ನಮ್ಮಲ್ಲಿ. ಹೋಗುವಾಗ ಅವರು ಆ ನೀರು ಕುಡಿದು ತಂಬಿಗೆಯನ್ನು ಬೋರಲು ಹಾಕಿ ಹೋಗಿದ್ದಾರೆ. ಎಪ್ಪತ್ತೈದು ಸಾವಿರದ ಅಡಿಕೆಯ ಬಗ್ಗೆ ಅಮ್ಮ ಒಂದು ಮಾತೂ ಆಡಿಲ್ಲ. ತಂಬಿಗೆ ಬಗ್ಗೆ ದಿನಾ ಹೇಳುತ್ತಾರೆ.

ಈಗ ಅಮ್ಮ ರಾತ್ರಿ ಮಲಗುತ್ತಿಲ್ಲ. ಒಂದೂವರೆ, ಎರಡಕ್ಕೆ ಎದ್ದು ಎಲ್ಲ ಬಾಗಿಲು ನೋಡುತ್ತಾರೆ. ಹಗಲು ತೋಟಕ್ಕೆ ಒಬ್ಬರೇ ಹೋಗುತ್ತಿಲ್ಲ. ನನ್ನ ಜೊತೆ ಬಾ ಅಂದರೆ ಅಪ್ಪ ಒಪ್ಪುವುದಿಲ್ಲ. ಠಾಣೆಗೆ ಎರಡು ಸಲ ಹೋಗಿದ್ದಾರೆ, "ಅರ್ಜಿ ಬರೆದುಕೊಟ್ಟು ಹೋಗಿ" ಅಂದರಂತೆ. ಅಲ್ಲಿಂದ ಮುಂದೆ ಏನೂ ಇಲ್ಲ.

ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ?

ದಾವಣಗೆರೆ ಬೆಣ್ಣೆ

ಅಯ್ಯೋ. ನಮ್ಮ ಹೊಲದ ಬೋರ್ ಕೇಬಲ್ ಮೂರು ಸಲ ಹೋಗಿದೆ ಅಕ್ಕಾ. ಮೂರನೇ ಸಲ ನಾನೇ ಒಂದು ಚೀಟಿ ಬರೆದು ಸ್ಟಾರ್ಟರ್ ಡಬ್ಬಿಗೆ ಅಂಟಿಸಿದ್ದೆ, "ಅಲ್ಯೂಮಿನಿಯಂ ಹಾಕಿದ್ದೀನಿ, ತಾಮ್ರ ಅಲ್ಲ, ಸುಮ್ನೆ ಬರಬೇಡಿ" ಅಂತ. ಚೀಟಿ ಬಿಟ್ಟು ಕೇಬಲ್ ಒಯ್ದರು.

ಮಲೆನಾಡ ಗಿಡ್ಡ

ನಾಯಿ ಸಾಕಿ. ಊರ ನಾಯಿ, ಜಾತಿ ನಾಯಿ ಬೇಡ.

ಹಿನ್ನೀರಿನ ಹುಡುಗಿ

ಸಾಕಿದ್ದೆವು. ಎರಡು ವರ್ಷದಲ್ಲಿ ಎರಡನ್ನು ಚಿರತೆ ಒಯ್ಯಿತು. ಅಮ್ಮ ಇನ್ನು ಬೇಡ ಅಂದುಬಿಟ್ಟಿದ್ದಾರೆ.

ಭಕ್ತಿಯೇ ಶಕ್ತಿ

ತೋಟದ ಬಾಗಿಲಿಗೆ ಸಿಗಂದೂರು ಚೌಡೇಶ್ವರಿ ಅಮ್ಮನವರ ಕಾವಲಿದೆ ಅಂತ ಬೋರ್ಡ್ ಹಾಕಿಸಿ. ನಿಮಗೆ ಹತ್ತಿರವೇ ಇದೆ. ಈಗ ಸೇತುವೆನೂ ಆಗಿದೆ, ಲಾಂಚ್ ಕಾಯುವುದೂ ಬೇಡ.

ಹಿನ್ನೀರಿನ ಹುಡುಗಿ

ಬೋರ್ಡ್ ಇದೆ. ಕೇಬಲ್ ಕತ್ತರಿಸಿದ್ದು ಬೋರ್ಡ್ ಕೆಳಗೇ.

ದಾವಣಗೆರೆ ಬೆಣ್ಣೆ

ಕಳ್ಳನಿಗೆ ಓದಲು ಬರ್ತಿರಲಿಲ್ಲ ಅನ್ಸುತ್ತೆ.

ಭಕ್ತಿಯೇ ಶಕ್ತಿ

ನಗಬೇಡಿ. ನಾನು ಬೋರ್ಡ್ ಕಳ್ಳನಿಗಾಗಿ ಹೇಳಿದ್ದಲ್ಲ, ಅಮ್ಮನಿಗಾಗಿ ಹೇಳಿದೆ. ಒಮ್ಮೆ ಕರೆದುಕೊಂಡು ಹೋಗಿ ಬನ್ನಿ. ಹೇಳಿಕೊಂಡು ಬಂದರೆ ಆ ರಾತ್ರಿಯಾದರೂ ನಿದ್ದೆ ಬರುತ್ತೆ.

ಕುಡ್ಲದ ಮಳೆ

ನಮ್ಮಲ್ಲಿ ಏನು ಕಳೆದರೂ ಕೊರಗಜ್ಜನಿಗೆ ಹೇಳಿಕೊಳ್ಳುವುದು. ಚಕ್ಕುಲಿ, ವೀಳ್ಯ ಇಟ್ಟರಾಯಿತು. ನನ್ನ ಅತ್ತೆಯ ಓಲೆ ಸಿಕ್ಕಿತ್ತು, ಕಳ್ಳನ ಹತ್ತಿರ ಅಲ್ಲ, ದಿಂಬಿನ ಹೊಲಿಗೆಯೊಳಗೆ. ಅಷ್ಟರಲ್ಲಿ ಕೆಲಸದಾಕೆಯನ್ನು ಬಿಡಿಸಿ ಆಗಿತ್ತು. ಅದನ್ನು ನೆನೆದರೆ ಈಗಲೂ ಮುಖ ಸುಡುತ್ತದೆ.

ನಿವೃತ್ತ ಖಾಕಿ

ತಾಯಿ, ನಾನು ಇಲಾಖೆಯಲ್ಲಿ 34 ವರ್ಷ ಇದ್ದವನು. ನಿಮ್ಮ ಪ್ರಶ್ನೆಗೆ ಸೀದಾ ಉತ್ತರ ಹೇಳುತ್ತೇನೆ.

"ಅರ್ಜಿ ಕೊಟ್ಟು ಹೋಗಿ" ಅಂದರೆ ಅದು ಎಫ್‌ಐಆರ್ ಅಲ್ಲ. ಅರ್ಜಿಗೆ ಸ್ವೀಕೃತಿಯನ್ನಾದರೂ ಕೊಟ್ಟರಾ, ಕೇಳಿ ನೋಡಿ. 2024ರ ಜುಲೈ 1ರಿಂದ ಹೊಸ ಕಾನೂನು ಬಂದಿದೆ, ಐಪಿಸಿ ಹೋಗಿ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಆಗಿದೆ. ಅದರಲ್ಲಿ ಒಂದು ಬದಲಾವಣೆ ಜನರಿಗೆ ಗೊತ್ತೇ ಇಲ್ಲ. ಸಾದಾ ಕಳ್ಳತನ 303ನೇ ಕಲಮು. ಹೋದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಈಗ ಅಸಂಜ್ಞೇಯ. ಅಂದರೆ ಮ್ಯಾಜಿಸ್ಟ್ರೇಟರ ಅಪ್ಪಣೆ ಇಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ಅದಕ್ಕೇ ತುಂಡು ಕೇಬಲ್, ಸಿಲಿಂಡರ್ ಅಂತ ಹೋದವರಿಗೆ ಎನ್‌ಸಿ, ಅಂದರೆ ಅಸಂಜ್ಞೇಯ ಅಂತ, ಬರೆದು ಕಳಿಸುತ್ತಾರೆ.

ಆದರೆ ನಿಮ್ಮದು ಹಾಗಲ್ಲ. ವಾಸದ ಮನೆಯಲ್ಲಿ, ಅಥವಾ ಮಾಲು ಇಡುವ ಕಟ್ಟಡದಲ್ಲಿ ಕದ್ದರೆ 305. ಅದಕ್ಕೆ 7 ವರ್ಷದವರೆಗೆ ಶಿಕ್ಷೆ. ಅಲ್ಲಿ 5,000ದ ಲೆಕ್ಕ ಇಲ್ಲ. ಅಟ್ಟ ಬಂತು, ಬಚ್ಚಲುಮನೆಯೂ ಬಂತು. ರಾತ್ರಿ ಚಿಲಕ ಮೀಟಿದ್ದಕ್ಕೆ 331 ಬೇರೆ. ಠಾಣೆಯಲ್ಲಿ ಕಲಮು ಬಾಯಿಪಾಠ ಒಪ್ಪಿಸಬೇಡಿ, ಅವರಿಗೆ ಸಿಟ್ಟು ಬರುತ್ತೆ. "ಮನೆ ಒಳಗೆ, ರಾತ್ರಿ, ಚಿಲಕ ಮುರಿದು, ನಾವು ಮಲಗಿದ್ದಾಗ" ಅಂತ ನಾಲ್ಕು ಮಾತು ದೂರಿನ ಮೊದಲ ಸಾಲಿನಲ್ಲಿ ಬರಲಿ. ಹಿಂದಿನ ಮೂರು ಕಳ್ಳತನವನ್ನೂ ತಿಂಗಳು ಹೇಳಿ ಅದೇ ದೂರಿನಲ್ಲಿ ಬರೆಯಿರಿ. ಒಬ್ಬನೇ ಪದೇ ಪದೇ ಬರುತ್ತಿದ್ದಾನೆ ಅಂತ ಓದಿದವನಿಗೆ ಕಾಣಬೇಕು.

ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. 90 ದಿನದೊಳಗೆ ತನಿಖೆ ಎಲ್ಲಿಗೆ ಬಂತು ಅಂತ ದೂರುದಾರರಿಗೆ ತಿಳಿಸಬೇಕು, ಅದೂ ಹೊಸ ಕಾನೂನಿನಲ್ಲೇ ಇದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲಿಗೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಕೋರ್ಟ್.

ಈಗ ಎರಡು ಪ್ರಶ್ನೆ. ಹಂಡೆ ಮೇಲೆ ಹೆಸರು ಕೆತ್ತಿಸಿದ್ದಿರಾ? ತಂಬಿಗೆ ಎಲ್ಲಿದೆ?

ಹಿನ್ನೀರಿನ ಹುಡುಗಿ

ಸರ್, ತುಂಬಾ ಉಪಕಾರ. ಹಂಡೆಯ ಕಂಠದ ಮೇಲೆ ಅಜ್ಜಿಯ ಹೆಸರು ಚುಕ್ಕೆ ಅಕ್ಷರದಲ್ಲಿ ಇತ್ತು, ಕೆಳಗೆ 1962 ಅಂತ ಇಸವಿ. ಫೋಟೋ ಇಲ್ಲ. ಬಚ್ಚಲ ಹಂಡೆಯ ಫೋಟೋ ಯಾರು ತೆಗೆಯುತ್ತಾರೆ ಹೇಳಿ.

ತಂಬಿಗೆಯನ್ನು ಅಮ್ಮ ಅವತ್ತು ಬೆಳಿಗ್ಗೆಯೇ ಹುಣಸೆಹಣ್ಣು, ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದು ಅಟ್ಟಕ್ಕೆ ಹಾಕಿದ್ದಾರೆ.

ನಿವೃತ್ತ ಖಾಕಿ

ಅಯ್ಯೋ ದೇವರೇ. ನುಣ್ಣಗಿನ ಹಿತ್ತಾಳೆ. ಐದು ಬೆರಳೂ ಸಿಗುತ್ತಿದ್ದವು.

ಇರಲಿ, ಅಮ್ಮನಿಗೆ ಇದನ್ನು ಹೇಳಬೇಡಿ. ಇದನ್ನು ಓದುವ ಉಳಿದವರಿಗೆ ಹೇಳುತ್ತೇನೆ, ಕಳ್ಳತನ ಆಗಿದ್ದು ಕಂಡರೆ ಮೊದಲು 112ಕ್ಕೆ ಫೋನ್ ಮಾಡಿ, ಆಮೇಲೆ ಕಸಬರಿಗೆ ಹಿಡಿಯಿರಿ. ನಮ್ಮ ಹೆಂಗಸರು ಮೊದಲು ಮಾಡುವ ಕೆಲಸವೇ ಗುಡಿಸಿ ಸಾರಿಸುವುದು. ನೂರು ಮನೆಯಲ್ಲಿ ನೋಡಿದ್ದೇನೆ. ಮೈಲಿಗೆ ಆದ ಹಾಗೆ ಅನಿಸುತ್ತದೆ ಅವರಿಗೆ. ತಪ್ಪು ಅನ್ನಲಾರೆ.

ಮತ್ತೆ, ನಿಮ್ಮ ತಾಯಿ ಆ ಹೊತ್ತಿನಲ್ಲಿ ಮಾಡಿದ್ದೇ ಸರಿ. ಅಪ್ಪ ಎದ್ದು ಹೋಗಿದ್ದರೆ ನೀವು ಇವತ್ತು ಬೇರೆ ಥರದ ಪೋಸ್ಟ್ ಬರೆಯುತ್ತಿದ್ದಿರಿ. ಅದನ್ನು ಮಾತ್ರ ಅವರಿಗೆ ಖಂಡಿತ ಹೇಳಿ.

ತೋಟದ ರಾಜ

ಇಷ್ಟೆಲ್ಲ ಯಾಕೆ. ರಾತ್ರಿ ಬೇಲಿಗೆ ಕರೆಂಟ್ ಕೊಟ್ಟು ಮಲಗಿ. ಒಬ್ಬ ಅಂಟಿಕೊಂಡರೆ ಹತ್ತು ಊರಿಗೆ ಪಾಠ.

ಲೈನ್‌ಮನ್ ಮಗ

ಇದನ್ನು ಯಾರೂ ಮಾಡಬೇಡಿ. ನನ್ನ ಅಪ್ಪ ಕಂಬ ಹತ್ತಿ ಬದುಕಿದವರು. ಬೇಲಿಗೆ ಮನೆ ಲೈನ್ ಕೊಟ್ಟಿದ್ದ ಕಡೆ ಹೆಣ ಬಿಡಿಸಲು ಅವರನ್ನು ಕರೆದಿದ್ದರು. ಸತ್ತವನು ಕಳ್ಳನಲ್ಲ. ಬೆಳಿಗ್ಗೆ ಸ್ವಿಚ್ ಆರಿಸಲು ಮರೆತು ತೋಟಕ್ಕೆ ಹೋದ ಮನೆ ಯಜಮಾನನೇ. ಕಳ್ಳ ಸತ್ತರೂ ನರಹತ್ಯೆಯ ಕೇಸ್ ನಿಮ್ಮ ಮೇಲೆ ಬೀಳುತ್ತದೆ.

ಸೋಲಾರ್ ಬೇಲಿ ಬೇರೆ. ಅದು ಸೆಕೆಂಡಿಗೊಮ್ಮೆ ಕ್ಷಣಮಾತ್ರ ಹೊಡೆತ ಕೊಟ್ಟು ಬಿಡುತ್ತದೆ, ಹಿಡಿದಿಟ್ಟುಕೊಳ್ಳುವುದಿಲ್ಲ. ಕಂಪನಿಯ ಎನರ್ಜೈಸರ್ ಇರಬೇಕು, ಮನೆಯ ಪ್ಲಗ್‌ನಿಂದ ತಂತಿ ಎಳೆಯುವುದಲ್ಲ. ಆದರೆ ಅದು ಹಂದಿಗೆ. ಕಳ್ಳನಿಗೆ ಒಂದು ಒಣ ಕೋಲು ಸಾಕು.

ತೋಟದ ರಾಜ

ಸಿಟ್ಟಿನಲ್ಲಿ ಹೇಳಿದೆ. ನಮ್ಮಲ್ಲೂ ಹಸಿ ಗೊನೆಯೇ ಕೊಯ್ದುಕೊಂಡು ಹೋಗಿದ್ದಾರೆ. ಕ್ವಿಂಟಾಲಿಗೆ 50 ಸಾವಿರ ದಾಟಿದ ಮೇಲೆ ಕೆಂಪಡಿಕೆ ಬೇಯಿಸುವ ಮನೆಗಳಲ್ಲಿ ನಿದ್ದೆ ಇಲ್ಲ.

ಡಲ್ಲಾಸ್‌ನಿಂದ ಧಾರವಾಡಕ್ಕೆ

ಕ್ಯಾಮೆರಾ ಬಗ್ಗೆ ನನ್ನ ಅನುಭವ ಹೇಳಲಾ? ಧಾರವಾಡದ ನಮ್ಮ ಮನೆಯಲ್ಲಿ ಮೊದಲ ಸಲ ಕಳ್ಳತನ ಆದ ಮೇಲೆ ಆರು ಕ್ಯಾಮೆರಾ ಹಾಕಿಸಿದೆ. ಫೋನಿಗೆ ಅಲರ್ಟ್ ಬರುತ್ತೆ. ಮೊದಲ ವಾರ ಬಂದ ಅಲರ್ಟ್‌ಗಳಲ್ಲಿ ಅರ್ಧ ಹಲ್ಲಿ, ಉಳಿದರ್ಧ ಜೇಡ. ರಾತ್ರಿ ಕ್ಯಾಮೆರಾದ ಹತ್ತಿರ ಹುಳ ಬರುತ್ತವೆ, ಹುಳಕ್ಕೆ ಜೇಡ ಬರುತ್ತದೆ, ಲೆನ್ಸ್ ಮೇಲೇ ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಅಲುಗಾಡಿದರೆ "ವ್ಯಕ್ತಿ ಪತ್ತೆ" ಅಂತ ಬರುತ್ತದೆ. ಇಲ್ಲಿ ಆಫೀಸಿನ ಮೀಟಿಂಗ್‌ನಲ್ಲಿ ಕೂತು ನಾನು ಜೇಡ ನೋಡುತ್ತಿದ್ದೆ.

ಕಲಿತದ್ದು ಇಷ್ಟು. ಕ್ಯಾಮೆರಾ ತುಂಬಾ ಮೇಲೆ ಹಾಕಬೇಡಿ, ಟೊಪ್ಪಿಗೆ ಮಾತ್ರ ಕಾಣುತ್ತದೆ. ಒಂದಾದರೂ ಮುಖದ ಎತ್ತರದಲ್ಲಿ ಗೇಟಿನ ಹತ್ತಿರ ಇರಲಿ. ರೆಕಾರ್ಡರ್ ಡಬ್ಬಿ ಟಿವಿ ಪಕ್ಕ ಇಟ್ಟರೆ ಕಳ್ಳ ಅದನ್ನೇ ಹೊತ್ತೊಯ್ಯುತ್ತಾನೆ, ನಮ್ಮಲ್ಲಿ ಎರಡನೇ ಸಲ ಆದದ್ದು ಅದೇ. ಅಕ್ಕಿ ಡಬ್ಬದ ಹಿಂದೆ ಇಡಿ. ಕರೆಂಟ್ ಹೋದಾಗ ನಡೆಯಲು ಚಿಕ್ಕ ಯುಪಿಎಸ್ ಬೇಕು.

ಇನ್ನೊಂದು. ಒಂದು ದಿನ ಹಿತ್ತಿಲ ಕ್ಯಾಮೆರಾ ಕಪ್ಪಾಯಿತು. ಹೆದರಿ ಫೋನ್ ಮಾಡಿದರೆ ಅಮ್ಮ ಟವೆಲ್ ಹಾಕಿದ್ದರು. "ಹಪ್ಪಳ ಒಣಗಿಸಲೂ ನೀನು ನೋಡ್ತಾ ಇರಬೇಕಾ" ಅಂದರು. ಕಳ್ಳನನ್ನು ನೋಡಲು ಹಾಕಿದ ಕ್ಯಾಮೆರಾದಲ್ಲಿ ನಾನು ಅಮ್ಮನನ್ನೇ ಕಾಯುತ್ತಿದ್ದೆ. ಈಗ ಒಳಗಿನ ಮೂರನ್ನು ತೆಗೆಸಿದ್ದೇನೆ.

ಹಿನ್ನೀರಿನ ಹುಡುಗಿ

ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಗೇಟಿನ ಹತ್ತಿರದ ಹಲಸಿನ ಮರದ ಕೆಳಗೆ ಮಾತ್ರ. ಮಳೆಗಾಲದಲ್ಲಿ ಅಲ್ಲೂ ಇಲ್ಲ. ಕ್ಯಾಮೆರಾದವನು ಬಂದು ನೋಡಿ ನಗುತ್ತಾ ಹೋದ.

ವಿಮೆ ಮಾವ

ಮನೆ ವಿಮೆ ಬಗ್ಗೆ ಯಾರೂ ಹೇಳಿಲ್ಲ. 2021ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವ ಭಾರತ್ ಗೃಹ ರಕ್ಷಾ ಅಂತ ಒಂದೇ ಥರದ ಪಾಲಿಸಿ ಇದೆ. ಅದನ್ನು ತೆಗೆದುಕೊಂಡು ಕಳ್ಳತನಕ್ಕೂ ಹಣ ಬರುತ್ತೆ ಅಂದುಕೊಂಡವರು ಬಹಳ. ಬರಲ್ಲ. ಬೆಂಕಿ, ಪ್ರವಾಹ ಆಗಿ, ಅದರಿಂದಾಗಿ 7 ದಿನದೊಳಗೆ ಕಳುವಾದರೆ ಮಾತ್ರ. ಸಾದಾ ಕನ್ನಕಳವಿಗೆ ಬೇರೆ ಪಾಲಿಸಿ ಕೇಳಿ ತಗೋಬೇಕು. ಅದರಲ್ಲೂ ಬೀಗ ಮುರಿದ ಗುರುತು, ಎಫ್‌ಐಆರ್ ಕೇಳುತ್ತಾರೆ. ಅಂಗಳದ ಅಡಿಕೆಗೆ ಆಸೆ ಇಟ್ಟುಕೊಳ್ಳಬೇಡಿ.

ಗಂಧದ ಗುಡಿಪಾಳ್ಯ

ತುಮಕೂರು ಹತ್ತಿರ ನಮ್ಮ ಮನೆ ಮುಂದೆ ಎರಡು ಶ್ರೀಗಂಧದ ಮರ ಇದ್ದವು. ಬೆಳೆದವನೇ ಮರದ ಮಾಲೀಕ ಅಂತ 2001ರಲ್ಲಿ ಕಾನೂನು ಬದಲಾಯಿತು. ಕಳ್ಳರು ಕಾನೂನು ಓದಿರಲಿಲ್ಲ. ಒಂದು ಹೋದ ಮೇಲೆ ಇನ್ನೊಂದನ್ನು ನಾನೇ ಕಡಿಸಲು ಅರಣ್ಯ ಇಲಾಖೆಗೆ ಬರೆದೆ. ಅಪ್ಪಣೆ ಬರುವುದರೊಳಗೆ ಅದೂ ಹೋಯಿತು. ಸತ್ಯ ಹೇಳ್ತೀನಿ, ಆಮೇಲೆ ಚೆನ್ನಾಗಿ ನಿದ್ದೆ ಬಂತು.

ಒಂಟಿಕೊಪ್ಪಲ್ ಅಕ್ಕ

ನಾನು ಅಮ್ಮನ ನಿದ್ದೆ ಬಗ್ಗೆ ಹೇಳುತ್ತೇನೆ, ಅದನ್ನು ಯಾರೂ ಮುಟ್ಟಿಲ್ಲ.

ಮೈಸೂರಿನಲ್ಲಿ ಒಬ್ಬಳೇ ಇರುತ್ತೇನೆ. ಮೂರು ವರ್ಷದಲ್ಲಿ ಮೂರು ಸಲ ಆಯಿತು. ಮೂರನೆಯ ಸಲ ಹೋದದ್ದು ಬರೀ ಒಂದು ಇಸ್ತ್ರಿ ಪೆಟ್ಟಿಗೆ, ಆದರೆ ಬೀರು ಪೂರ್ತಿ ಕೆದಕಿದ್ದರು. ಯಜಮಾನರ ಹಳೇ ಶರ್ಟುಗಳನ್ನು ಒಂದೊಂದಾಗಿ ಬಿಡಿಸಿ ನೆಲಕ್ಕೆ ಹಾಕಿದ್ದರು. ಅವರು ಹೋಗಿ ಆರು ವರ್ಷ ಆಗಿತ್ತು. ನಾನು ಮಡಿಕೆ ಬಿಚ್ಚದೆ ಇಟ್ಟಿದ್ದೆ.

ಆಮೇಲೆ ನಾನೂ ರಾತ್ರಿ ಏಳುತ್ತಿದ್ದೆ. ಬೀಗ ನೋಡಿ ಬಂದು ಮಲಗಿದ ಕೂಡಲೇ "ನೋಡಿದೆನಾ" ಅನಿಸುವುದು. ಮತ್ತೆ ಏಳುವುದು. ಹನ್ನೊಂದು ಸಲ ಎದ್ದ ರಾತ್ರಿ ಇದೆ. ತಂಗಿ ಮಗಳು 14416ಕ್ಕೆ ಫೋನ್ ಮಾಡಿಸಿದಳು. ಟೆಲಿ ಮಾನಸ್ ಅಂತ, ಸರ್ಕಾರದ್ದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಆ ಹುಡುಗಿ ಹೇಳಿದ್ದು ಇಷ್ಟೇ. ರಾತ್ರಿ ಒಂಬತ್ತೂವರೆಗೆ ಒಂದೇ ಸಲ ಎಲ್ಲ ಬಾಗಿಲು ನೋಡಿ, ಒಂದು ಪುಸ್ತಕದಲ್ಲಿ "ಮುಂಬಾಗಿಲು ಹಾಕಿದೆ, ಹಿತ್ತಿಲು ಹಾಕಿದೆ" ಅಂತ ಬರೆದು ಸಹಿ ಮಾಡಿ. ಎಚ್ಚರ ಆದರೆ ಬಾಗಿಲ ಹತ್ತಿರ ಹೋಗಬೇಡಿ, ಪುಸ್ತಕ ನೋಡಿ. ಮೊದಲು ನಗು ಬಂತು, ಹಾಲಿನವನ ಲೆಕ್ಕದ ಹಾಗೆ. ಈಗ ಆ ಪುಸ್ತಕ ತುಂಬಿ ಎರಡನೆಯದು ನಡೆಯುತ್ತಿದೆ. ಪೂರ್ತಿ ಹೋಗಿದೆ ಅಂತ ಹೇಳಲ್ಲ. ಮೇಲೆ ಇಲಿ ಓಡಿದರೂ ಎದೆ ಹೊಡೆದುಕೊಳ್ಳುತ್ತದೆ. ಏಳುವುದು ಮಾತ್ರ ನಿಂತಿದೆ.

ಅಮ್ಮನ ಹತ್ತಿರ "ಹೆದರಬೇಡ" ಅನ್ನಬೇಡಿ. ನನಗೆ ಎಲ್ಲರೂ ಅದನ್ನೇ ಹೇಳಿದರು.

ಸಿಲ್ಕ್ ಬೋರ್ಡ್ ಸಂತ

ಎಲ್ಲ ಸರಿ, ಆದರೆ ಅಪ್ಪ ಅಮ್ಮನನ್ನು ಬೆಂಗಳೂರಿಗೆ ಕರೆದುಕೊಂಡು ಬಂದುಬಿಡಿ. ಅಡಿಕೆಗಿಂತ ಪ್ರಾಣ ದೊಡ್ಡದಲ್ವಾ?

ಮಲೆನಾಡ ಗಿಡ್ಡ

ಖಾಲಿ ಮನೆ ಮಾಡಿದರೆ ಕಳ್ಳನಿಗೆ ರಾತ್ರಿ ಬರುವ ಕಷ್ಟವೂ ತಪ್ಪುತ್ತೆ. ನಮ್ಮ ಪಕ್ಕದ ಖಾಲಿ ಮನೆಯಲ್ಲಿ ಹೆಂಚು, ಕೆತ್ತನೆ ಕಂಬ, ಬಾಗಿಲು ದಾರಂದ ಸಮೇತ ಹೋಗಿದೆ.

ಹಿನ್ನೀರಿನ ಹುಡುಗಿ

ಒಂದು ವಿಷಯ ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ನಾಚಿಕೆ ಆಗಿತ್ತು.

ಹಂಡೆ ಹೋದ ಮೇಲೆ ನಮ್ಮ ಸೋದರಮಾವ ಅಪ್ಪನನ್ನು ಅಂಜನ ಹಾಕುವವರ ಹತ್ತಿರ ಕರೆದುಕೊಂಡು ಹೋಗಿದ್ದರು. ವೀಳ್ಯದೆಲೆ ಮೇಲೆ ಕಪ್ಪು ಹಚ್ಚಿ, ನೋಡಿ, "ಮನೆಯ ಒಳಹೊರಗು ಬಲ್ಲವನು, ದಕ್ಷಿಣಕ್ಕೆ ಮನೆ" ಅಂದರಂತೆ. ನಮ್ಮ ಮನೆಯಲ್ಲಿ 22 ವರ್ಷದಿಂದ ಕೆಲಸಕ್ಕೆ ಬರುವವರ ಮನೆ ಹಳ್ಳದಾಚೆ, ದಕ್ಷಿಣಕ್ಕೇ ಇದೆ. ನಾನು ಅಣ್ಣ ಅಂತಲೇ ಕರೆಯುವುದು. ಸೈಕಲ್ ಕಲಿಸಿದವರು ಅವರು.

ಅಪ್ಪ ಕಳ್ಳ ಅಂತ ಬೈಯಲಿಲ್ಲ. ಅಟ್ಟದ ಕೀಲಿ ಎಲ್ಲಿ ಇಡುತ್ತೇವೆ ಅಂತ ನಿನಗೆ ಗೊತ್ತಲ್ಲವಾ, ಅಂತ ಕೇಳಿದರಂತೆ. ಅಣ್ಣನ ಮುಖ ಕಪ್ಪಾಯಿತಂತೆ, ಮಾತು ತೊದಲಿತಂತೆ. ಮಾವ ಅಲ್ಲೇ ನಿಂತು "ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ" ಅಂದರು. ಮಾರನೇ ದಿನದಿಂದ ಅಣ್ಣ ಬಂದಿಲ್ಲ. ಅದಾದ ಮೇಲೇ ನಾಲ್ಕನೇ ಕಳ್ಳತನ ಆಗಿದ್ದು. ಮಾವ ಅದನ್ನೂ ಸಾಕ್ಷಿ ಅಂತಲೇ ಹೇಳುತ್ತಾರೆ, "ನೋಡು, ಸಿಟ್ಟಿಗೆ ಮಾಡಿದ" ಅಂತ. ನನಗೆ ಏನು ನಂಬಬೇಕು ಗೊತ್ತಾಗುತ್ತಿಲ್ಲ.

ಕೊನೆಗೌಡನ ಮಗ

ಇಷ್ಟು ಹೊತ್ತು ಓದುತ್ತಾ ಇದ್ದೆ, ಬರೆಯುವ ಮನಸ್ಸಿರಲಿಲ್ಲ.

ನನ್ನ ಅಪ್ಪ ಮರ ಹತ್ತಿ ಕೊನೆ ಕೊಯ್ಯುವವರು. ನಲವತ್ತು ತೋಟಕ್ಕೆ ಹೋಗುತ್ತಿದ್ದರು. ಯಾರ ಮನೆಯಲ್ಲಿ ಏನು ಕಾಣದಿದ್ದರೂ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಒಬ್ಬರ ವಾಚು ಹೋಯಿತು. ಅಪ್ಪನನ್ನು ಠಾಣೆಗೆ ಕರೆದುಕೊಂಡು ಹೋದರು. ಸಂಜೆ ಬಿಟ್ಟರು. ವಾಚು ಅವರ ಮಗನ ಹಾಸ್ಟೆಲಿನಲ್ಲಿ ಸಿಕ್ಕಿತು. ನಮ್ಮ ಮನೆಗೆ ಬಂದು ಹೇಳಿದವರು ಯಾರೂ ಇಲ್ಲ. ಮುಂದಿನ ಕೊಯ್ಲಿಗೆ ಹೇಳಿ ಕಳಿಸಿದರು, ಅಷ್ಟೇ. ಅಪ್ಪ ಹೋದರು. ಹೋಗದೆ ಏನು ಮಾಡುತ್ತಾರೆ.

ಆ ಗಾದೆ ಇದೆಯಲ್ಲ. ಅದನ್ನು ಕಟ್ಟಿದವನು ಯಾವತ್ತೂ ಅನುಮಾನದ ಕಣ್ಣಿಗೆ ಬಿದ್ದವನಲ್ಲ ಅನಿಸುತ್ತೆ. ಎಲ್ಲರೂ ನಿನ್ನ ಹೆಗಲನ್ನೇ ನೋಡುತ್ತಾ ನಿಂತರೆ ಕೈ ತಾನಾಗಿ ಹೆಗಲಿಗೆ ಹೋಗುತ್ತೆ. ನಮ್ಮಪ್ಪನದೂ ಹೋಗಿತ್ತು.

ಅಂಜನದವನಿಗೆ ದಿಕ್ಕು ಹೇಳುವುದು ಸುಲಭ. ನಾಲ್ಕೇ ಇರುವುದು.

ನಿಮ್ಮ ಅಣ್ಣ ಕದ್ದಿಲ್ಲ ಅಂತ ನಾನು ಹೇಗೆ ಹೇಳಲಿ, ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ಆದರೆ 22 ವರ್ಷ ಆ ಕೀಲಿ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಗೊತ್ತಿದ್ದವರು ಚಿಲಕ ಯಾಕೆ ಮೀಟುತ್ತಾರೆ?

ನಿವೃತ್ತ ಖಾಕಿ

ಕೊನೆಯ ಪ್ರಶ್ನೆಯನ್ನು ನಾನು ಕೇಳಬೇಕಿತ್ತು. 34 ವರ್ಷ ಆದ ಮೇಲೂ ಹೊಳೆಯಲಿಲ್ಲ. ನಿಮ್ಮ ತಂದೆಯವರನ್ನು ಕರೆದುಕೊಂಡು ಹೋದವರಂಥವರಲ್ಲಿ ನಾನೂ ಒಬ್ಬ, ಬೇರೆ ಊರಿನಲ್ಲಿ.

ತಾಯಿ, ಪೊಲೀಸರು ಯಾರ ಮೇಲೆ ಅನುಮಾನ ಅಂತ ಕೇಳಿದರೆ ಅಂಜನದ ಮಾತು ದೂರಿನಲ್ಲಿ ಬರೆಸಬೇಡಿ. ಕಂಡದ್ದು, ಕೇಳಿದ್ದು ಮಾತ್ರ ಹೇಳಿ. ಅಮ್ಮನಿಗೆ ಕೆಮ್ಮು ಕೇಳಿಸಿತು ಅಂದಿರಲ್ಲ, ಅದು ಬೇಕು. ಎಷ್ಟು ಜನ ಇದ್ದ ಹಾಗೆ ಅನಿಸಿತು, ಗಾಡಿ ಸದ್ದು ಬಂತಾ, ಯಾವ ಕಡೆ ಹೋಯಿತು. ನಾಲ್ಕು ಚೀಲ ಅಂದರೆ ಎರಡೂವರೆ ಕ್ವಿಂಟಾಲ್ ಮೇಲೆ. ಹೊತ್ತು ಹಳ್ಳ ದಾಟುವ ಮಾತಲ್ಲ ಅದು.

ಸೊಸೈಟಿ ಭಟ್ಟ

ನಾನು ಒಂದೇ ಮಾತು. ಚಾಲಿಯನ್ನು ಅಟ್ಟದಲ್ಲಿ ಯಾಕೆ ಇಡುತ್ತೀರಿ? ದರ ಏರಲಿ ಅಂತ ಅಲ್ವಾ? ಸದಸ್ಯರಾಗಿದ್ದರೆ ಸೊಸೈಟಿ ಗೋದಾಮಿನಲ್ಲಿ ಇಡಿ. ತೂಕದ ಚೀಟಿ ಸಿಗುತ್ತೆ, ಮಾಲಿನ ಮೇಲೆ ಸಾಲವೂ ಸಿಗುತ್ತೆ, ದರ ಬಂದ ದಿನ ಮಾರಬಹುದು. ಶಿರಸಿ, ಸಾಗರ, ಶಿವಮೊಗ್ಗ ಎಲ್ಲ ಕಡೆ ನಡೆಯುವುದೇ ಹಾಗೆ. ಅಟ್ಟ ಖಾಲಿ ಅಂತ ಊರಿಗೆ ಗೊತ್ತಾದರೆ ಅರ್ಧ ಕಾವಲು ಆದ ಹಾಗೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ ಅಂತ ನಗಬೇಡಿ, ಉಳಿದ ಮಾಲು ಇದೆಯಲ್ಲ.

ರಾತ್ರಿಗೆ ಒಂದು ಉಪಾಯ. ದೇವರ ಕೋಣೆಯ ಜಾಗಟೆ ಹಾಸಿಗೆ ಪಕ್ಕ ಇಟ್ಟುಕೊಳ್ಳಲಿ. ಕೂಗು ಕೇಳದ ಕಡೆಗೂ ಜಾಗಟೆ ಕೇಳುತ್ತೆ. ಹೊತ್ತಲ್ಲದ ಹೊತ್ತಿನಲ್ಲಿ ಬಾರಿಸಿದರೆ ಏನೋ ಆಗಿದೆ ಅಂತ ಅರ್ಥ, ಅಂತ ಐದು ಮನೆಗೂ ಹೇಳಿಡಿ. ನೆಟ್‌ವರ್ಕ್ ಬೇಡ.

ದಾವಣಗೆರೆ ಬೆಣ್ಣೆ

ಈ ಪೂರ್ತಿ ಚರ್ಚೆಯಲ್ಲಿ ಇದೇ ಬೆಸ್ಟು.

ಹಿನ್ನೀರಿನ ಹುಡುಗಿ (ಮೂರು ವಾರದ ನಂತರ)

ಊರಿಗೆ ಹೋಗಿ ಹತ್ತು ದಿನ ಇದ್ದು ಬಂದೆ. ಏನೇನಾಯಿತು ಹೇಳುತ್ತೇನೆ.

ಎಫ್‌ಐಆರ್ ಆಯಿತು. ಖಾಕಿ ಸರ್ ಹೇಳಿದ ನಾಲ್ಕು ಮಾತು ಮೊದಲ ಸಾಲಿನಲ್ಲೇ ಬರೆದೆ. ಈ ಸಲ ಇದ್ದ ಅಧಿಕಾರಿ ಪೂರ್ತಿ ಓದಿದರು. ಬೀಟ್‌ನವರ ನಂಬರ್ ಕೊಟ್ಟರು, ಅವರು ಎರಡು ಸಲ ಮನೆಗೆ ಬಂದು ಹೋದರು. ಅಡಿಕೆ ಸಿಕ್ಕಿಲ್ಲ. ಸಿಕ್ಕರೂ ಇದು ನಮ್ಮದೇ ಅಡಿಕೆ ಅಂತ ಹೇಗೆ ಹೇಳುವುದು, ಅಡಿಕೆಗೆ ಹೆಸರು ಕೆತ್ತಲು ಆಗುತ್ತಾ. ಉಳಿದ ಚೀಲ ಸೊಸೈಟಿಗೆ ಹೋಯಿತು. ಮನೆಯ ಎಲ್ಲ ಹಿತ್ತಾಳೆ, ತಾಮ್ರದ ಫೋಟೋ ತೆಗೆದಿದ್ದೇನೆ. ಅಮ್ಮ ಒಂದೊಂದನ್ನೂ ಎತ್ತಿ ಹಿಡಿದು ಇದು ಯಾರ ಮದುವೆಯದು, ಅದು ಯಾರ ಉಡುಗೊರೆ ಅಂತ ಹೇಳುತ್ತಾ ಹೋದರು. ಅವತ್ತು ಮಧ್ಯಾಹ್ನ ಅಮ್ಮ ಮೊದಲ ಸಲ ಮಲಗಿ ನಿದ್ದೆ ಮಾಡಿದ್ದು. ಬಾಗಿಲ ಪುಸ್ತಕವೂ ಶುರುವಾಗಿದೆ. ಸಹಿ ಮಾತ್ರ ಅಪ್ಪನೇ ಮಾಡಬೇಕಂತೆ, ಸಾಕ್ಷಿಗೆ.

ಅಣ್ಣನ ಮನೆಗೆ ಅಪ್ಪನೇ ಹೋದರು. ನಾನು ಜೊತೆಗಿದ್ದೆ. ಜಗಲಿಯಲ್ಲಿ ಕೂತು ಅರ್ಧ ಗಂಟೆ ಎಲೆಚುಕ್ಕಿ ರೋಗದ ಬಗ್ಗೆ ಮಾತಾಡಿದರು, ಯಾವ ಔಷಧಿ, ಎಷ್ಟು ಸಲ ಹೊಡೆಯಬೇಕು ಅಂತ. ನನಗೆ ಸಿಟ್ಟೇ ಬಂತು. ಏಳುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ನೆಲ ನೋಡಿಕೊಂಡು, "ನಾ ಹಂಗೆ ಕೇಳಬಾರದಿತ್ತು" ಅಂದರು. ಅಣ್ಣ ಏನೂ ಅನ್ನಲಿಲ್ಲ. ಅತ್ತಿಗೆ ಬೆಲ್ಲ ನೀರು ಕೊಟ್ಟರು. ಕೆಲಸಕ್ಕೆ ಬಾ ಅಂತ ನಾವು ಕರೆಯಲಿಲ್ಲ, ಅವರು ಬರುತ್ತೇನೆ ಅನ್ನಲೂ ಇಲ್ಲ. ಈಗ ಬೇರೆಯವರ ತೋಟಕ್ಕೆ ಹೋಗುತ್ತಿದ್ದಾರೆ.

ನಾನು ವಾಪಸ್ ಬಂದ ಮೇಲೆ, ಮೊನ್ನೆ ಗುರುವಾರ ರಾತ್ರಿ ಕೊಟ್ಟಿಗೆ ಹಿಂದೆ ಸದ್ದಾಯಿತಂತೆ. ಸೆನ್ಸರ್ ಲೈಟ್ ಹತ್ತಿಕೊಂಡಿತು. ಅಮ್ಮ ಜಾಗಟೆ ಎತ್ತಿ ಬಾರಿಸಿದ್ದಾರೆ. ನೋಡಿದರೆ ಕಾಡುಹಂದಿ, ಮರಿಗಳ ಸಮೇತ. ಹತ್ತು ನಿಮಿಷದಲ್ಲಿ ಮೂರು ಕಡೆಯಿಂದ ಟಾರ್ಚ್ ಬಂದವು. ಮೊದಲು ಬಂದದ್ದು ಹಳ್ಳದಾಚೆಯಿಂದ. ಅಣ್ಣ ಅಂಗಳದ ತುದಿಯಲ್ಲೇ ನಿಂತು "ಏನಾಯ್ತು ಅಮ್ಮಾ" ಅಂತ ಕೇಳಿದರಂತೆ. ಹಂದಿ ಅಂದ ಮೇಲೆ ಹಾಗೇ ತಿರುಗಿ ಹೋದರು. ಮೇಲೆ ಬರಲಿಲ್ಲ.

ತಂಬಿಗೆ ಇನ್ನೂ ಅಟ್ಟದಲ್ಲೇ ಇದೆ.

ಲೈನ್‌ಮನ್ ಮಗ

ಆ ಸೆನ್ಸರ್ ಲೈಟ್ ಎಷ್ಟು ವ್ಯಾಟ್? ನಮ್ಮ ಕೊಟ್ಟಿಗೆಗೂ ಬೇಕು.

ಹಿನ್ನೀರಿನ ಹುಡುಗಿ

30 ವ್ಯಾಟ್, ಸೋಲಾರ್. ಮಳೆಗಾಲದಲ್ಲಿ ಹೇಗೆ ಉರಿಯುತ್ತೋ ನೋಡಿ ಜುಲೈನಲ್ಲಿ ಹೇಳುತ್ತೇನೆ.